ಮುದ್ದಾಗಿದೆ ಎಂದು ಎದ್ದುಹೋಗುವ ಮುನ್ನ



ಈ ಸಲದ ಬರಹದ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಾರು. 34 ವರ್ಷ ತರಗತಿಯಲ್ಲಿ ಹಳಗನ್ನಡ ಪದ್ಯಗಳಿಗೆ ಅನ್ವಯ ಬಿಡಿಸಿ ಹೇಳುತ್ತಿದ್ದ ಮೇಷ್ಟರು ಈಗ ಜಪಾನಿನ ಕಾರ್ಟೂನು ನೋಡುತ್ತಾ ಕುಳಿತಿದ್ದಾರೆಯೇ ಎಂದು ಕೇಳಿಯಾರು. ಹೌದು, ಕುಳಿತಿದ್ದೆ. ಅದೂ ಹದಿನಾಲ್ಕು ಹದಿನೈದರ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಎದುರುಬದುರು ನಾಚಿಕೊಂಡು ನಿಲ್ಲುವ ಕಥೆ. ಅದನ್ನು ನೋಡಿ ಮುಗಿಸಿದ ಮೇಲೆ ನನ್ನ ಹಳೆಯ ತಪ್ಪೊಂದು ನೆನಪಿಗೆ ಬಂದು ಎರಡು ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. ಆದುದರಿಂದ ಬರೆಯುತ್ತಿದ್ದೇನೆ.

ಬೇಸಿಗೆ ರಜೆಗೆ ಮೊಮ್ಮಗಳು ಬಂದಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, "ತಾತ, ಹದಿನೈದು ನಿಮಿಷ ಕೂತುಕೊಳ್ಳಿ" ಎಂದಳು. ಕುಳಿತೆ. ಪರದೆಯ ಮೇಲೆ ತಿಳಿಗುಲಾಬಿ ಬಣ್ಣದ ಹೂವಿನೆಸಳುಗಳು ಉದುರುತ್ತಿದ್ದವು. ದೊಡ್ಡ ದೊಡ್ಡ ಕಣ್ಣಿನ ಮಕ್ಕಳು ಸಮವಸ್ತ್ರ ತೊಟ್ಟು ಶಾಲೆಗೆ ಹೋಗುತ್ತಿದ್ದರು. ಮಾತು ಮಾತಿಗೆ ಅವರ ಕೆನ್ನೆ ಕೆಂಪಾಗುತ್ತಿತ್ತು. ಒಬ್ಬರೂ ಒಂದು ವಾಕ್ಯವನ್ನು ಪೂರ್ತಿ ಮಾಡುತ್ತಿರಲಿಲ್ಲ. ಹತ್ತು ನಿಮಿಷ ನೋಡಿ, "ಮುದ್ದಾಗಿದೆ ಕಣಮ್ಮ" ಎಂದು ಹೇಳಿ ಎದ್ದೆ. ಆಗ ಆಕೆ ನನ್ನನ್ನು ನೋಡಿ ಹೇಳಿದ ಮಾತು ಇದು: "ಮೊದಲ ಪುಟ ನೋಡಿ ಪುಸ್ತಕ ಮುಚ್ಚುವವನಿಗೆ ನನ್ನ ತರಗತಿಯಲ್ಲಿ ಜಾಗವಿಲ್ಲ ಅಂತ ನೀವು ಹೇಳುತ್ತಿದ್ದಿರಂತಲ್ಲ ತಾತ. ಅಮ್ಮ ಹೇಳಿದಳು."

ಅವಳ ಅಮ್ಮ, ಎಂದರೆ ನನ್ನ ಮಗಳು, ನನ್ನ ತರಗತಿಯಲ್ಲೇ ಓದಿದವಳು. ಸಾಕ್ಷಿ ಬಲವಾಗಿತ್ತು. ಪುನಃ ಕುಳಿತೆ. ಮುಂದಿನ ನಾಲ್ಕು ದಿನಗಳಲ್ಲಿ ಹನ್ನೆರಡು ಕಂತುಗಳನ್ನೂ ನೋಡಿದೆ.

ಆ ಸರಣಿಯ ಹೆಸರು 'ತ್ಸುಕಿ ಗ ಕಿರೇ'. 'ಚಂದ್ರ ಸುಂದರನಾಗಿದ್ದಾನೆ' ಎಂದು ಅರ್ಥ. 2017ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನ ದೂರದರ್ಶನದಲ್ಲಿ ಪ್ರಸಾರವಾಯಿತು. ಫೀಲ್ ಎಂಬ ಸ್ಟುಡಿಯೊ ಮಾಡಿದ್ದು. ನಿರ್ದೇಶಕ ಕಿಶಿ ಸೇಜಿ, ಕಥಾ ಸಂಯೋಜನೆ ಕಾಕಿಹಾರಾ ಯೂಕೊ. ಇಂಥ ಸರಣಿಗಳಲ್ಲಿ ಹೆಚ್ಚಿನವು ಮೊದಲೇ ಜನಪ್ರಿಯವಾದ ಚಿತ್ರಕಥೆಯನ್ನೋ ಕಾದಂಬರಿಯನ್ನೋ ಆಧರಿಸಿರುತ್ತವೆ. ಇದು ಹಾಗಲ್ಲ, ಪರದೆಗೆಂದೇ ಹೊಸದಾಗಿ ಬರೆದ ಕಥೆ. ನಡೆಯುವ ಸ್ಥಳ ಕವಾಗೊಯೆ. ಟೋಕಿಯೊ ನಗರದ ಮಧ್ಯದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಸೈತಾಮಾ ಪ್ರಾಂತ್ಯದಲ್ಲಿರುವ ನಿಜವಾದ ಊರು. 1893ರ ದೊಡ್ಡ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋದ ಮೇಲೆ ಬೆಂಕಿ ತಾಗದಂತೆ ದಪ್ಪ ಮಣ್ಣಿನ ಗೋಡೆಯ ಉಗ್ರಾಣದ ಮಾದರಿಯಲ್ಲಿ ಅಂಗಡಿಗಳನ್ನು ಕಟ್ಟಿದರು. ಆ ಬೀದಿ ಇಂದಿಗೂ ಇದೆ. ಅಲ್ಲಿಯ ಗಂಟೆಯ ಗೋಪುರ, ಹಿಕಾವಾ ದೇವಾಲಯ, ನದಿಯ ದಂಡೆ ಎಲ್ಲವನ್ನೂ ಚಿತ್ರಕಾರರು ಜಲವರ್ಣದಂಥ ತೆಳುವಾದ ಬಣ್ಣಗಳಲ್ಲಿ ಬಿಡಿಸಿದ್ದಾರೆ.

ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು. ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ತೊಡಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮಾಧ್ಯಮಿಕ ಶಾಲೆಯ ಕೊನೆಯ ವರ್ಷ ಎಂದರೆ ನಮ್ಮ ಒಂಬತ್ತನೆಯ ತರಗತಿಯ ಲೆಕ್ಕ. ಅಲ್ಲಿಗೆ ಕಡ್ಡಾಯ ಶಿಕ್ಷಣ ಮುಗಿದು, ಪ್ರೌಢಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಆ ವರ್ಷ ಒಂದೇ ತರಗತಿಗೆ ಬಂದು ಸೇರುವವರು ಅಜುಮಿ ಕೊಟಾರೊ ಎಂಬ ಹುಡುಗ, ಮಿಜುನೊ ಅಕಾನೆ ಎಂಬ ಹುಡುಗಿ. ಅವನು ಸಾಹಿತಿಯಾಗಬೇಕೆಂದು ಕನಸು ಕಾಣುತ್ತಾ ದಜಾಯ್ ಒಸಾಮುವಿನ ಪುಸ್ತಕಗಳನ್ನು ಓದುವವನು. ಅವಳು ಶಾಲೆಯ ಓಟದ ತಂಡದವಳು. ಇಬ್ಬರೂ ಮಾತಿನಲ್ಲಿ ಹಿಂದೆ. ಒಂದು ವರ್ಷದಲ್ಲಿ ಇಬ್ಬರೂ ಹತ್ತಿರವಾಗುತ್ತಾರೆ. ವರ್ಷ ಮುಗಿಯುವ ಹೊತ್ತಿಗೆ ಹುಡುಗಿಯ ತಂದೆಗೆ ವರ್ಗವಾಗಿ ಅವಳ ಸಂಸಾರ ಬೇರೆ ಪ್ರಾಂತ್ಯಕ್ಕೆ ಹೋಗಬೇಕಾಗುತ್ತದೆ. ಇಷ್ಟೇ.

ಇಷ್ಟೇ ಎಂದು ಬರೆದೆನಲ್ಲ, ಆ ಮಾತಿನಲ್ಲೇ ನನ್ನ ಮೊದಲ ಭಾವನೆಯ ಲೋಪವೂ ಇತ್ತು. ಮೊದಲ ಕಂತಿನಲ್ಲಿ ನಡೆಯುವ ದೊಡ್ಡ ಘಟನೆ ಯಾವುದು ಬಲ್ಲಿರಾ? ಎರಡೂ ಮನೆಯವರು ಆಕಸ್ಮಿಕವಾಗಿ ಒಂದೇ ಹೋಟೆಲಿಗೆ ಊಟಕ್ಕೆ ಬರುತ್ತಾರೆ. ತಾಯಂದಿರು ಪರಸ್ಪರ ಪರಿಚಯ ಮಾಡಿಕೊಂಡು, ಮಕ್ಕಳು ಒಂದೇ ತರಗತಿಯವರೆಂದು ತಿಳಿದು ಸಂತೋಷದಿಂದ ಮಾತಿಗೆ ತೊಡಗುತ್ತಾರೆ. ಮಕ್ಕಳಿಬ್ಬರೂ ಭೂಮಿ ಬಾಯ್ಬಿಡಬಾರದೇ ಎಂಬಂತೆ ತಲೆ ತಗ್ಗಿಸಿ ಕುಳಿತಿರುತ್ತಾರೆ. ನೋಡುವ ನಮಗೆ ನಗು ಬರುತ್ತದೆ. ಆದರೆ ಆ ಮಕ್ಕಳಿಗೆ ಅದು ನಗೆಯ ಪ್ರಸಂಗವಲ್ಲ, ಸಂಕಟ. ಸರಣಿ ಅವರ ಪಕ್ಷದಲ್ಲಿ ಕುಳಿತು ನೋಡುತ್ತದೆ, ನಮ್ಮ ಪಕ್ಷದಲ್ಲಿ ಅಲ್ಲ. ಇದನ್ನು ಗುರುತಿಸಲು ನನಗೆ ಮೂರು ಕಂತುಗಳು ಬೇಕಾದವು.

ಹಾಗೆ ಗುರುತಿಸಿದ ಮೇಲೆ ಮುದ್ದು ಎಂದು ತಳ್ಳಿಹಾಕಿದ್ದ ಪುಟ್ಟ ಸಂಗತಿಗಳು ಬೇರೆಯೇ ಆಗಿ ಕಾಣತೊಡಗಿದವು. ಅಕಾನೆಯ ಬಳಿ ಅಂಗೈಯಲ್ಲಿ ಹಿಡಿಸುವ ಒಂದು ಬಟ್ಟೆಯ ಗೊಂಬೆಯಿದೆ. ಸಿಹಿಗೆಣಸಿನ ಆಕಾರದ್ದು, ಕವಾಗೊಯೆ ಗೆಣಸಿಗೆ ಹೆಸರಾದ ಊರು. ಮೊದಲು ನೋಡಿದಾಗ, ಅಂಗಡಿಯಲ್ಲಿ ಮಾರಲು ಅನುಕೂಲವಾಗಲೆಂದು ಇಂಥದ್ದೊಂದನ್ನು ತುರುಕಿದ್ದಾರೆ ಎಂದುಕೊಂಡೆ. ಆಮೇಲೆ ಗಮನಿಸಿದೆ: ಭಯವಾದಾಗಲೆಲ್ಲ ಆ ಹುಡುಗಿ ಅದನ್ನು ಗಟ್ಟಿಯಾಗಿ ಹಿಸುಕುತ್ತಾಳೆ. ಮುಖದಲ್ಲಿ ನಗುವಿರುತ್ತದೆ, ಗೆಳತಿಯರ ಗುಂಪಿನ ನಡುವೆ ಎಲ್ಲರ ಮಾತಿಗೂ ಹೂಂಗುಟ್ಟುತ್ತಿರುತ್ತಾಳೆ. ಕೈ ಮಾತ್ರ ಆ ಗೊಂಬೆಯನ್ನು ಹಿಸುಕುತ್ತಲೇ ಇರುತ್ತದೆ. ಅತ್ತ ಕೊಟಾರೊ, ಎದುರಿಗೆ ಒಂದು ಮಾತಾಡಲಾರದವನು, ತನ್ನ ಕೋಣೆಯಲ್ಲಿ ಒಬ್ಬನೇ ಇರುವಾಗ ದೀಪದಿಂದ ನೇತಾಡುವ ದಾರಕ್ಕೆ ಮುಷ್ಟಿಯಿಂದ ಗುದ್ದುತ್ತಾನೆ. ಸಂತೋಷವಾದರೂ ಗುದ್ದು, ಸಿಟ್ಟು ಬಂದರೂ ಗುದ್ದು. ನಾನು ಮೂರು ದಶಕ ಈ ವಯಸ್ಸಿನ ಮಕ್ಕಳ ಮುಂದೆ ನಿಂತವನು. ಅವರ ಮುಖ ನೋಡಿ ಪಾಠ ಮಾಡಿದೆ; ಮೇಜಿನ ಕೆಳಗೆ ಅವರ ಕೈಗಳು ಏನು ಮಾಡುತ್ತಿವೆ ಎಂದು ನೋಡಿದ್ದು ನಕಲು ಹಿಡಿಯುವ ದಿನಗಳಲ್ಲಿ ಮಾತ್ರ.

ಸರಣಿಯ ಹೆಸರಿನ ಹಿಂದೆ ಒಂದು ದಂತಕಥೆಯಿದೆ. ನಾತ್ಸುಮೆ ಸೋಸೆಕಿ (1867-1916) ಜಪಾನಿನ ಮಹಾ ಕಾದಂಬರಿಕಾರ. ಅದಕ್ಕೂ ಮೊದಲು ಇಂಗ್ಲಿಷ್ ಮೇಷ್ಟರು. 1895ರಲ್ಲಿ ಮಾತ್ಸುಯಾಮಾ ಎಂಬ ಊರಿನ ಶಾಲೆಯಲ್ಲಿ ಪಾಠ ಹೇಳಿದವನು; ಅಲ್ಲಿಯ ಅನುಭವದಿಂದಲೇ 1906ರಲ್ಲಿ 'ಬೊಚ್ಚಾನ್' ಎಂಬ ಮೇಷ್ಟರ ಕಥೆಯನ್ನು ಬರೆದ. ಅವನ ತರಗತಿಯಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಇಂಗ್ಲಿಷ್ ವಾಕ್ಯವನ್ನು ವಿದ್ಯಾರ್ಥಿಯೊಬ್ಬ ಪದಕ್ಕೆ ಪದವಿಟ್ಟು ಅನುವಾದಿಸಿದಾಗ, ಜಪಾನೀಯರು ಹಾಗೆ ಹೇಳುವುದಿಲ್ಲ, ಚಂದ್ರ ಸುಂದರನಾಗಿದ್ದಾನೆ ಎಂದು ಬರೆ, ಸಾಕು ಎಂದನಂತೆ. ಸೋಸೆಕಿಯ ಬರಹಗಳಲ್ಲಿ ಇದಕ್ಕೆ ಆಧಾರವಿಲ್ಲ. ಅವನು ತೀರಿಕೊಂಡು ದಶಕಗಳಾದ ಮೇಲೆ ಹುಟ್ಟಿ ಹರಡಿದ ಕಥೆ. ಆದರೂ ಜಪಾನಿನಲ್ಲಿ ಇದನ್ನು ಅರಿಯದವರು ವಿರಳ. ಕಥೆ ಸುಳ್ಳಿರಬಹುದು, ಅದು ಉಳಿದುಕೊಂಡ ಕಾರಣ ಸುಳ್ಳಲ್ಲ. ನನ್ನ ತಂದೆಯವರು ನನ್ನನ್ನು ಕಾಲೇಜಿಗೆ ಕಳುಹಿಸಲು ಬಸ್ ನಿಲ್ದಾಣಕ್ಕೆ ಬಂದಾಗಲೆಲ್ಲ ಕಿಟಕಿಯ ಬಳಿ ನಿಂತು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸೀಟು ಸರಿಯಾಗಿದೆಯೇನೋ?" ಕುಳಿತಿರುವುದು ಕಾಣುತ್ತಲೇ ಇರುತ್ತಿತ್ತು. ಆದರೂ ಬಸ್ಸು ಹೊರಡುವ ತನಕ ಎರಡು ಮೂರು ಸಲ ಕೇಳುತ್ತಿದ್ದರು.

ಮೂರನೆಯ ಕಂತಿನ ಕೊನೆಯಲ್ಲಿ ಕೊಟಾರೊ ಅಕಾನೆಯ ಪಕ್ಕದಲ್ಲಿ, ಆಕಾಶದಲ್ಲಿ ಚಂದ್ರನಿರುವಾಗ, ಬಾಯಿ ತೆರೆಯುತ್ತಾನೆ. ಓದಿಕೊಂಡ ಹುಡುಗ, ಆ ಪ್ರಸಿದ್ಧ ಮಾತನ್ನೇ ಹೇಳಲು ತೊಡಗುತ್ತಾನೆ. ಮೊದಲ ಅಕ್ಷರಗಳು ಬರುತ್ತವೆ. ಆದರೆ ಮುಂದೆ ಬರುವುದು ಸಾಹಿತ್ಯವಲ್ಲ, ಅದೇ ಸದ್ದಿನಿಂದ ಮೊದಲಾಗುವ ನೇರವಾದ, ಬಡಪಾಯಿ ಮಾತು: ನನ್ನ ಜೊತೆಗಿರುವೆಯಾ ಎಂಬರ್ಥದ್ದು. ಪುಸ್ತಕದಿಂದ ಎರವಲು ತಂದ ಮಾತು ಗಂಟಲಿನಲ್ಲೇ ಉಳಿದು, ಅವನದೇ ಮಾತು ಹೊರಗೆ ಬಂದುಬಿಡುತ್ತದೆ. ಪ್ರಬಂಧಗಳಲ್ಲಿ ಸುಭಾಷಿತಗಳನ್ನು ತುಂಬಿರೆಂದು ನಿಮಗೆಲ್ಲ ಅಂಕದ ಆಸೆ ತೋರಿಸಿದ ನಾನು ಆ ದೃಶ್ಯದ ಮುಂದೆ ಸ್ವಲ್ಪ ಕುಗ್ಗಿದೆ.

ಕಂತುಗಳ ಶೀರ್ಷಿಕೆಗಳಲ್ಲಿ ಬಹಳಷ್ಟು ಜಪಾನೀ ಸಾಹಿತ್ಯದಿಂದ ಆರಿಸಿದವು. ಮೊದಲನೆಯದರ ಹೆಸರು ಮಿಯಾಜಾವಾ ಕೆಂಜಿಯ 1924ರ ಕವನ ಸಂಕಲನದ್ದು: 'ವಸಂತ ಮತ್ತು ಅಸುರ'. ಅಲ್ಲಿರುವ 'ಶುರಾ' ಎಂಬ ಪದ ನಮ್ಮ ಸಂಸ್ಕೃತದ ಅಸುರನೇ. ಬೌದ್ಧ ಗ್ರಂಥಗಳೊಡನೆ ಚೀನಾ ದಾಟಿ ಜಪಾನಿಗೆ ಹೋದವನು. ಕೆಂಜಿಯೂ ಕೃಷಿ ಶಾಲೆಯೊಂದರಲ್ಲಿ ಕೆಲವು ವರ್ಷ ಮೇಷ್ಟರಾಗಿದ್ದವನು. ಐದನೆಯದು ಸೋಸೆಕಿಯ 'ಕೊಕೊರೊ' (1914), ಆರನೆಯದು ದಜಾಯ್‌ನ 'ಓಡು ಮೆಲೋಸ್' (1940). ಗೆಳೆಯನಿಗೆ ಕೊಟ್ಟ ಮಾತಿಗಾಗಿ ಓಡುವವನ ಆ ಕಥೆಯನ್ನು ಜಪಾನಿನ ಮಕ್ಕಳು ಶಾಲೆಯ ಪಠ್ಯದಲ್ಲಿ ಓದುತ್ತಾರೆ. ಕೊನೆಯ ಕಂತು ಸೋಸೆಕಿಯ 'ಸೊರೆಕಾರಾ' (1909), ಎಂದರೆ 'ಅದಾದ ಮೇಲೆ'. ಪ್ರೇಮಕಥೆಗಳು ಸಾಮಾನ್ಯವಾಗಿ ಮುಟ್ಟದೆ ಬಿಡುವ ಪ್ರಶ್ನೆ ಅದೇ ತಾನೆ. ನೋಡುವವರು ಈ ಶೀರ್ಷಿಕೆಗಳನ್ನು ಗಮನಿಸದಿದ್ದರೂ ಕಥೆಗೆ ಕೊರತೆಯಿಲ್ಲ. ಆದರೆ ಹೂವಿನೆಸಳು ಮತ್ತು ಕೆಂಪು ಕೆನ್ನೆಗಳ ಹಿಂದೆ ಇಷ್ಟು ಓದಿಕೊಂಡವರು ಕುಳಿತಿದ್ದಾರೆಂದು ನಾನು ಎಣಿಸಿಯೇ ಇರಲಿಲ್ಲ.

ಈಗ ನನ್ನ ನಿದ್ರೆ ಕೆಡಿಸಿದ ಕಂತಿಗೆ ಬರುತ್ತೇನೆ. ನಾಲ್ಕನೆಯದರಲ್ಲಿ ಶಾಲೆಯ ಮಕ್ಕಳು ಕ್ಯೋಟೊ ನಗರಕ್ಕೆ ಪ್ರವಾಸ ಹೋಗುತ್ತಾರೆ. ಇವರಿಬ್ಬರಿಗೂ ಎದುರಿಗಿಂತ ಹೆಚ್ಚು ಮಾತು ನಡೆಯುವುದು ಮೊಬೈಲಿನ ಲೈನ್ ಎಂಬ ಸಂದೇಶ ಸೇವೆಯಲ್ಲಿ. ನಮ್ಮಲ್ಲಿ ವಾಟ್ಸ್‌ಆ್ಯಪ್ ಇದ್ದಂತೆ ಅಲ್ಲಿ ಅದು. ಹುಡುಗ ಭೇಟಿಯಾಗೋಣ ಎಂದು ಕೇಳಿರುತ್ತಾನೆ. ಅಷ್ಟರಲ್ಲಿ ಮೇಷ್ಟರು ಅವನ ಮೊಬೈಲನ್ನು ವಶಪಡಿಸಿಕೊಳ್ಳುತ್ತಾರೆ. ನಿಯಮದಂತೆ ಮೇಷ್ಟರು ಮಾಡಿದ್ದು ಸರಿ. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಕಥೆ ನಮಗೆ ಮೇಷ್ಟರ ಡ್ರಾಯರಿನೊಳಗಿನ ಮೊಬೈಲನ್ನು ತೋರಿಸಿ ಸುಮ್ಮನಾಗುವುದಿಲ್ಲ. ಪರವೂರಿನಲ್ಲಿ, ಉತ್ತರ ಬಾರದ ಮೊಬೈಲನ್ನು ಹಿಡಿದು ಕಾಯುತ್ತಿರುವ ಹುಡುಗಿಯನ್ನು ತೋರಿಸುತ್ತದೆ. ಶಿಸ್ತಿನ ಆ ಒಂದು ಕ್ರಮದ ಇನ್ನೊಂದು ತುದಿಯಲ್ಲಿ ಒಬ್ಬಳು ನಿಂತಿದ್ದಾಳೆಂದು ಆ ಮೇಷ್ಟರಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ನನಗೆ ತಿಳಿದಿತ್ತು. ತಿಳಿದೂ ಮಾಡಿದೆ. ಎಂಬತ್ತರ ದಶಕದ ಮಾತು. ಶಾಲೆಯ ಹೆಸರು, ವರ್ಷ ಬೇಡ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ಕಿನಿಂದ ಒಂದು ಚೀಟಿ ಜಾರಿ ಬಿತ್ತು. ಎತ್ತಿಕೊಂಡು ನೋಡಿದೆ. ಅದೇ ತರಗತಿಯ ಹುಡುಗಿಗೆ ಬರೆದದ್ದು. ಪ್ರೀತಿ, ಪ್ರೇಮ ಎಂಬ ಒಂದು ಪದವೂ ಅದರಲ್ಲಿ ಇರಲಿಲ್ಲ. ನಿನಗೆ ಜ್ವರ ಬಂದಿದ್ದಾಗ ನಡೆದ ಭೂಗೋಳದ ಪಾಠವನ್ನು ಬರೆದಿಟ್ಟಿದ್ದೇನೆ, ಭೂಪಟವನ್ನೂ ಬಿಡಿಸಿದ್ದೇನೆ, ಬೇಕೇ ಎಂದು ಕೇಳಿದ್ದ. ಕೆಳಗೆ ತನ್ನ ಹೆಸರಿನ ಮೊದಲ ಅಕ್ಷರ. ನಾನು ಆ ಚೀಟಿಯನ್ನು ಕಾವ್ಯ ವಾಚನದ ಧಾಟಿಯಲ್ಲಿ ಇಡೀ ತರಗತಿಗೆ ಓದಿ ಹೇಳಿದೆ. 'ಭೂಪಟ' ಎಂಬ ಪದದ ಮೇಲೆ ಎರಡು ಸಲ ಒತ್ತು ಕೊಟ್ಟೆ. ತರಗತಿ ಹೊಟ್ಟೆ ಹಿಡಿದು ನಕ್ಕಿತು. ನನಗೂ ಆ ದಿನ ಒಳ್ಳೆಯ ಹಾಸ್ಯ ಮಾಡಿದೆನೆಂಬ ತೃಪ್ತಿಯಿತ್ತು. ಸ್ಟಾಫ್ ರೂಮಿನಲ್ಲಿಯೂ ಹೇಳಿ ನಗಿಸಿದೆ.

ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ಬೇರೆ ಸಾಲಿನಲ್ಲಿ ಕುಳಿತಳು. ಹುಡುಗ ಒಳ್ಳೆಯ ಪ್ರಬಂಧ ಬರೆಯುತ್ತಿದ್ದವನು. ಮಳೆಗಾಲದಲ್ಲಿ ತಮ್ಮ ಮನೆಯ ಹಿಂದಿನ ತೋಡು ತುಂಬಿ ಹರಿಯುವುದನ್ನು ಕುರಿತು ಅವನು ಬರೆದ ಎರಡು ಪುಟ ಇಂದಿಗೂ ನನಗೆ ನೆನಪಿದೆ. ಆ ದಿನದಿಂದ ಅವನು ಬರೆದದ್ದೆಲ್ಲ ಮಾರ್ಗದರ್ಶಿ ಪುಸ್ತಕದ ವಾಕ್ಯಗಳು. ತಪ್ಪಿಲ್ಲ, ಅಂಕ ಕಳೆಯಲು ಕಾರಣವಿಲ್ಲ, ಒಳಗೆ ಅವನಿಲ್ಲ. ವರ್ಷವಿಡೀ ಹಾಗೆಯೇ ಬರೆದು ತೇರ್ಗಡೆಯಾಗಿ ಹೋದ. ಶಿಸ್ತು ಬಂದಿದೆ ಎಂದು ಅವನ ತಂದೆಯ ಮುಂದೆ ಹೊಗಳಿದವನೂ ನಾನೇ.

ಆ ಚೀಟಿಯನ್ನು ಕಂಡೊಡನೆ ನನಗೆ ತೋರಿದ್ದು 'ಎಳೆಯರ ಹುಡುಗಾಟ, ಮುದ್ದು' ಎಂದು. ಕ್ರೌರ್ಯದಿಂದ ಓದಿದೆನೆಂದು ಯಾರಾದರೂ ಹೇಳಿದ್ದರೆ ಆಶ್ಚರ್ಯಪಡುತ್ತಿದ್ದೆ. ಇದೇ ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಮಾತು. ಮುದ್ದು ಎಂದು ಕರೆಯುವುದು ಬಹಳ ಸಲ ಪ್ರೀತಿಯ ಮಾತಲ್ಲ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ ಎಂದು ನಮಗೆ ನಾವೇ ಕೊಟ್ಟುಕೊಳ್ಳುವ ರಜಾ ಚೀಟಿ. ಹಿರಿಯರಾದ ನಾವು ಮಕ್ಕಳ ಭಾವನೆಗಳಿಗೆ ಈ ಹೆಸರಿಟ್ಟು ಎದ್ದುಹೋಗುತ್ತೇವೆ. ಇಂಥ ಸರಣಿಗಳಿಗೂ ಅದೇ ಹೆಸರಿಟ್ಟು ಎದ್ದುಹೋಗುತ್ತೇವೆ.

'ತ್ಸುಕಿ ಗ ಕಿರೇ' ತನ್ನ ಮಕ್ಕಳನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತದೆ ಎಂಬುದು ಸೋತವರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣುತ್ತದೆ. ಅಕಾನೆಯ ಗೆಳತಿ ನಿಶಿಯೊ ಚಿನಾತ್ಸುವಿಗೂ ಕೊಟಾರೊನ ಮೇಲೆ ಮನಸ್ಸು. ಅಗ್ಗದ ಕಥೆಯಾಗಿದ್ದರೆ ಆಕೆಯನ್ನು ಹೊಟ್ಟೆಕಿಚ್ಚಿನ ಹೆಣ್ಣನ್ನಾಗಿ ಮಾಡುತ್ತಿದ್ದರು. ಇಲ್ಲಿ ಆಕೆ ಗೆಳತಿಗೆ ವಿಷಯ ಮುಚ್ಚಿಡದೆ ಹೇಳುತ್ತಾಳೆ, ಉತ್ತರ ಏನೆಂದು ತಿಳಿದಿದ್ದೂ ಹುಡುಗನಿಗೂ ಹೇಳುತ್ತಾಳೆ, ಇಲ್ಲವೆನ್ನಿಸಿಕೊಳ್ಳುತ್ತಾಳೆ. ಓಟದ ತಂಡದ ನಾಯಕ ಹಿರಾ ತಕುಮಿ ಅಕಾನೆಯನ್ನು ಮೆಚ್ಚಿ ಹಾಗೆಯೇ ಸೋಲುತ್ತಾನೆ. ಇಬ್ಬರಿಗೂ ಕಥೆ ನಗೆಯನ್ನಾಗಲಿ ಶಿಕ್ಷೆಯನ್ನಾಗಲಿ ಕೊಡುವುದಿಲ್ಲ; ಅಳಲು ಸಮಯ ಕೊಡುತ್ತದೆ.

ಕೊಟಾರೊನ ಸೋಲುಗಳೂ ಹಾಗೆಯೇ. ಅವನು ಬರೆದ ಕಥೆಯನ್ನು ನೋಡಿದ ಪ್ರಕಾಶನದವರು ಕರೆಯುತ್ತಾರೆ. ಉತ್ಸಾಹದಿಂದ ಹೋದವನಿಗೆ, ಈ ಗಂಭೀರ ಸಾಹಿತ್ಯ ನಿನಗೆ ಒಗ್ಗದು, ಹಗುರಾದ ಜನಪ್ರಿಯ ಕಥೆ ಬರೆದು ನೋಡು ಎಂಬ ಸಲಹೆ ಸಿಗುತ್ತದೆ. ಅಕಾನೆಯ ಸಂಸಾರ ಚಿಬಾ ಪ್ರಾಂತ್ಯಕ್ಕೆ ಹೊರಟಾಗ ಅವನು ಅಲ್ಲಿಯ ಪ್ರೌಢಶಾಲೆಗೇ ಪರೀಕ್ಷೆ ಕಟ್ಟುತ್ತೇನೆನ್ನುತ್ತಾನೆ. ಅವನ ಅಂಕಗಳಿಗೆ ನಿಲುಕದ ಶಾಲೆ. ಮೊದಲು ವಿರೋಧಿಸಿದ ತಾಯಿ, ಮಗ ರಾತ್ರಿಯೆಲ್ಲ ಓದುವುದನ್ನು ಕಂಡು ಮೆತ್ತಗಾಗುತ್ತಾಳೆ. ಅಲ್ಲಿಗೆ ನಾನು, ನೂರಾರು ಕಥೆಗಳನ್ನು ಓದಿದವನು, ಇನ್ನು ಹುಡುಗ ಗೆಲ್ಲುತ್ತಾನೆ ಎಂದು ತೀರ್ಮಾನಿಸಿದೆ. ಅವನು ಅನುತ್ತೀರ್ಣನಾಗುತ್ತಾನೆ. ಪ್ರೀತಿಗಾಗಿ ಓದಿದರೂ ಪರೀಕ್ಷೆ ಪರೀಕ್ಷೆಯೇ. ಕವಾಗೊಯೆಯಿಂದ ಅವಳ ಹೊಸ ಊರಿಗೆ ರೈಲಿನಲ್ಲಿ ಹೋಗಿಬರಬಹುದು. ಉದ್ಯೋಗಸ್ಥರಿಗೆ ಅದು ದೂರವೇ ಅಲ್ಲ. ಕೈಖರ್ಚಿನ ಹಣವನ್ನು ಎಣಿಸಿ ಖರ್ಚು ಮಾಡುವ ಹದಿನೈದರ ಹುಡುಗನಿಗೆ ಅದು ಪರದೇಶ. ಅಪ್ಪನಿಗೆ ವರ್ಗವಾಯಿತೆಂದು ವರ್ಷದ ನಡುವೆ ಟಿ.ಸಿ. ತೆಗೆದುಕೊಂಡು ಹೋದ ನಿಮ್ಮಲ್ಲಿ ಕೆಲವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಆ ಅರ್ಜಿಗಳಿಗೆ ಸಹಿ ಹಾಕುವಾಗ, ಈ ಮಗು ಇಲ್ಲಿ ಯಾರನ್ನು ಬಿಟ್ಟುಹೋಗುತ್ತಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಇದು ಕುಂದಿಲ್ಲದ ಕೃತಿಯೆಂದು ನಾನು ಹೇಳುವುದಿಲ್ಲ. ಹಿನ್ನೆಲೆಯಲ್ಲಿ ನಡೆದಾಡುವ ಜನರನ್ನು ಗಣಕಯಂತ್ರದಿಂದ ಮಾಡಿದ್ದಾರೆ, ಕೀಲುಗೊಂಬೆಗಳಂತೆ ನಡೆಯುತ್ತಾರೆ. ಅಷ್ಟು ಕೋಮಲವಾದ ಚಿತ್ರಗಳ ನಡುವೆ ಅವರು ಕಣ್ಣಿಗೆ ಕಸವಾಗುತ್ತಾರೆ. ಅದಕ್ಕಿಂತ ದೊಡ್ಡ ಆಕ್ಷೇಪಣೆ ಕೊನೆಯದನ್ನು ಕುರಿತು. ಕೊಟಾರೊ ತಮ್ಮಿಬ್ಬರ ಕಥೆಯನ್ನೇ ಅಂತರ್ಜಾಲದಲ್ಲಿ ಬರೆದಿರುತ್ತಾನೆ. ಊರು ಬಿಡುವ ರೈಲಿನಲ್ಲಿ ಅಕಾನೆ ಅದನ್ನು ಓದಿ ಅಳುತ್ತಾಳೆ. ಹಾದುಹೋಗುವ ರೈಲಿನತ್ತ ಅವನು ತನ್ನ ಪ್ರೀತಿಯನ್ನು ಕೂಗಿ ಹೇಳುತ್ತಾನೆ. ಮಾತು ಬಾರದ ಹುಡುಗನ ಆ ಕೂಗಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹೆಸರುಗಳು ಸಾಗುವ ಹೊತ್ತಿನಲ್ಲಿ, ಮುಂದಿನ ವರ್ಷಗಳ ಸಂದೇಶಗಳನ್ನೂ ಚಿತ್ರಗಳನ್ನೂ ಒಂದರ ಹಿಂದೊಂದು ತೋರಿಸಿ ಮದುವೆಯನ್ನೂ ಮಗುವನ್ನೂ ತಂದು ನಿಲ್ಲಿಸಿಬಿಡುತ್ತಾರೆ.

ಈ ವಿಷಯದಲ್ಲಿ ಮೊಮ್ಮಗಳಿಗೂ ನನಗೂ ಜಗಳವೇ ಆಯಿತು. "ಒಂಬತ್ತನೇ ಕ್ಲಾಸಿನ ಸ್ನೇಹ ಮದುವೆಯಲ್ಲಿ ಮುಗಿದರೆ ಮಾತ್ರ ನಿಜವೇನಮ್ಮ? ಮುರಿದುಹೋಗಿದ್ದರೆ ಆ ಒಂದು ವರ್ಷ ಸುಳ್ಳಾಗುತ್ತಿತ್ತೇ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಲ್ಲ ತಾತ. ಇದೆಲ್ಲ ಉಳಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಲೇ ಇರುತ್ತಾರೆ. ಒಂದು ಕಥೆಯಾದರೂ ಉಳಿಯಿತು ಅಂದರೆ ನಿಮಗೇನು ನಷ್ಟ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಅವಳದೂ ಬದಲಾಗಿಲ್ಲ.

ಮುದ್ದಾಗಿ ಕಾಣುವ ಪ್ರತಿಯೊಂದರ ಒಳಗೂ ಆಳವಿದೆ ಎಂದು ನಾನು ವಾದಿಸುತ್ತಿಲ್ಲ. ಈ ವರ್ಗದ ಸರಣಿಗಳಲ್ಲಿ ಬರಿಯ ಸಕ್ಕರೆ ಪಾಕವೇ ಆಗಿರುವವೂ ಬೇಕಾದಷ್ಟಿವೆ. ಮೊಮ್ಮಗಳು ತೋರಿಸಿದ ಇನ್ನೆರಡನ್ನು ನಾನು ಪ್ರಾಮಾಣಿಕವಾಗಿ ಮೂರನೆಯ ಕಂತಿಗೆ ಬಿಟ್ಟೆ. ಆದರೆ ಮೂರನೆಯ ಕಂತಿಗೆ ಬಿಟ್ಟೆ, ಹತ್ತನೆಯ ನಿಮಿಷಕ್ಕಲ್ಲ. ಯಾವುದು ಪೊಳ್ಳು, ಯಾವುದು ಗಟ್ಟಿ ಎಂದು ತಿಳಿಯಲು ಅಷ್ಟು ಹೊತ್ತಾದರೂ ಕೂರಬೇಕು. ಕೂರದೆ ಕೊಟ್ಟ ತೀರ್ಪು ಆ ಕೃತಿಯನ್ನು ಕುರಿತದ್ದಲ್ಲ, ನಮ್ಮ ಆತುರವನ್ನು ಕುರಿತದ್ದು. ಮಕ್ಕಳ ವಿಷಯದಲ್ಲಂತೂ ಮೂರು ಕಂತೂ ಸಾಲದು.

ನಿಮ್ಮಲ್ಲಿ ಬಹುತೇಕರಿಗೆ ಈಗ ಅದೇ ವಯಸ್ಸಿನ ಮಕ್ಕಳಿದ್ದಾರೆ. ಅವರು ಬಾಗಿಲು ಮುಂದೆ ಮಾಡಿಕೊಂಡು ಏನನ್ನೋ ನೋಡುತ್ತಿರುತ್ತಾರೆ. ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿ. ನಗಬೇಕೆನಿಸಿದ ಕಡೆ ಅವರು ನಗುತ್ತಿದ್ದಾರೆಯೇ ಎಂದು ಒಮ್ಮೆ ಗಮನಿಸಿ. ಮುಗಿದ ಕೂಡಲೇ ಇದರಿಂದ ಏನು ಕಲಿತೆ ಎಂದು ದಯವಿಟ್ಟು ಕೇಳಬೇಡಿ. ಆ ಅಭ್ಯಾಸವನ್ನು ನಿಮಗೆ ಅಂಟಿಸಿದವನು ನಾನೇ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಕೊನೆಯದಾಗಿ ಒಂದು ಮಾತು. ಭೂಪಟ ಬಿಡಿಸಿಟ್ಟಿದ್ದ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಆ ಹುಡುಗಿಗೂ ಅಷ್ಟೇ. ಅವರು ಇದನ್ನು ಓದುತ್ತಾರೋ ಇಲ್ಲವೋ ಅರಿಯೆ. ಅವರ ತರಗತಿಯವರು ಕೆಲವರು ಓದುತ್ತೀರಿ, ಅಂದು ನಕ್ಕವರೂ ಇದ್ದೀರಿ. ಭೇಟಿಯಾದರೆ ತಿಳಿಸಿ. ಅಂದು ಅಷ್ಟು ಮಕ್ಕಳ ಎದುರಿಗೆ ಮಾಡಿದ ತಪ್ಪಿಗೆ, ಇಂದು ಅಷ್ಟೇ ಜನರ ಎದುರಿಗೆ ಕ್ಷಮೆ ಕೇಳುತ್ತಿದ್ದೇನೆ. ಆ ಚೀಟಿಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ತೋಡಿನ ಮೇಲಿನ ಆ ಪ್ರಬಂಧಕ್ಕೆ ಹದಿನೈದಕ್ಕೆ ಹದಿಮೂರು ಕೊಟ್ಟಿದ್ದೆ. ಅದೂ ಕಡಿಮೆಯೇ ಆಯಿತು.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟರು